ಲಿನಕ್ಸ್‌ನಲ್ಲಿ ಮನೆ ರೆಕಾರ್ಡಿಂಗ್: ಯಾವ ಸೌಂಡ್ ಕಾರ್ಡ್ ತಗೊಳ್ಳಬೇಕು?

ಎಲ್ಲರಿಗೂ ಶರಣು.

ನಾನು ಕೊಪ್ಪಳದ ಸುತ್ತಲಿನ ಊರುಗಳಲ್ಲಿ ಭಜನೆ, ತತ್ವಪದ, ಹುಲಿಗೆಮ್ಮನ ಚೌಡಿಕೆ ಪದ ರೆಕಾರ್ಡ್ ಮಾಡುತ್ತೇನೆ. ಎಲ್ಲವೂ ಲಿನಕ್ಸ್ (ವಿಂಡೋಸ್ ಬದಲು ನಡೆಯುವ ಮುಕ್ತ ಸಾಫ್ಟ್‌ವೇರ್) ಇರುವ ಲ್ಯಾಪ್‌ಟಾಪ್‌ನಲ್ಲೇ. ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಯಾವ ಸೌಂಡ್ ಕಾರ್ಡ್ ತಗೊಳ್ಳಲಿ? ಮೈಕ್‌ನ ದನಿಯನ್ನು ಕಂಪ್ಯೂಟರ್‌ಗೆ ಮುಟ್ಟಿಸುವ ಪೆಟ್ಟಿಗೆಯೇ ಈ ಕಾರ್ಡ್.

ನನ್ನ ಮೊದಲ ಕಾರ್ಡ್ ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿ ನೋಡಿದ್ದೆ. ಎಂಟು ಇನ್‌ಪುಟ್ (ಮೈಕ್ ಸಿಕ್ಕಿಸುವ ಜಾಗ), 192 ಕಿಲೋಹರ್ಟ್ಸ್ (ಸೆಕೆಂಡಿಗೆ 1,92,000 ಸಲ ಧ್ವನಿ ಅಳೆಯುವುದು). ಮನೆಗೆ ತಂದು ಕೇಬಲ್ ಸಿಕ್ಕಿಸಿದೆ. ಕಂಪ್ಯೂಟರ್ ಅದನ್ನು ಗುರುತಿಸಿತು. ಆದರೆ ಕಂಡೆನ್ಸರ್ ಮೈಕ್‌ಗೆ ಅದರ ಕೇಬಲ್ ಮೂಲಕವೇ 48 ವೋಲ್ಟ್ ಕರೆಂಟ್, ಅಂದರೆ ಫ್ಯಾಂಟಮ್ ಪವರ್, ಕೊಡಬೇಕಲ್ವಾ? ಅದಕ್ಕೆ ಕಾರ್ಡ್ ಮೇಲೆ ಬಟನ್ನೇ ಇರಲಿಲ್ಲ. ಕಂಪನಿಯ ಸಾಫ್ಟ್‌ವೇರ್‌ನಿಂದಲೇ ಆನ್ ಮಾಡಬೇಕು, ಆ ಸಾಫ್ಟ್‌ವೇರ್ ಲಿನಕ್ಸ್‌ಗೆ ಇಲ್ಲ. ಅವತ್ತು ಹಾಡಲು ಬಂದಿದ್ದ ಅಜ್ಜ ಚಹಾ ಕುಡಿದು ಹಾಗೇ ಊರಿಗೆ ಹೋದರು. ಅದು ನನಗೆ ಇವತ್ತಿಗೂ ಬೇಜಾರು.

ಆಗ ಕಲಿತದ್ದು ಇಷ್ಟು. ಲಿನಕ್ಸ್‌ನವರು ಕಾರ್ಡ್ ಎಷ್ಟು ದೊಡ್ಡದು ಅಂತ ಮೊದಲು ನೋಡಬಾರದು. ಕಂಪನಿಯ ಹಂಗಿಲ್ಲದೆ ಅದು ಪೂರ್ತಿ ಕೆಲಸ ಮಾಡುತ್ತದಾ ಅಂತ ನೋಡಬೇಕು.

ಯುಎಸ್‌ಬಿಗೆ ಆಡಿಯೋ ಕ್ಲಾಸ್ ಅಂತ ಒಂದು ಸಾಮಾನ್ಯ ಭಾಷೆ ಇದೆ. ಅದನ್ನು ಮಾತಾಡುವ ಕಾರ್ಡ್‌ಗೆ ಕ್ಲಾಸ್ ಕಂಪ್ಲಯಂಟ್ ಅಂತಾರೆ. ಅದಕ್ಕೆ ಬೇರೆ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಬೇಡ. ಲಿನಕ್ಸ್‌ನಲ್ಲಿ ಧ್ವನಿಯ ಕೆಲಸ ನೋಡಿಕೊಳ್ಳುವ ಆಲ್ಸಾ, 2003ರ ಕೊನೆಗೆ ಬಂದ 2.6 ಕರ್ನಲ್‌ನಿಂದಲೂ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು) ಒಳಗೇ ಇದೆ. ಕಾರ್ಡ್ ಆ ಭಾಷೆ ಮಾತಾಡಿದರೆ ಆಲ್ಸಾ ಅದನ್ನು ಎತ್ತಿಕೊಳ್ಳುತ್ತದೆ. ಅಂಗಡಿಯಲ್ಲಿ ತಿಳಿಯುವುದು ಹೇಗೆ? ಡ್ರೈವರ್ ಇಲ್ಲದೆ ಐಪ್ಯಾಡ್‌ಗೆ ನಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಸಾಮಾನ್ಯವಾಗಿ ಲಿನಕ್ಸ್‌ಗೂ ನಡೆಯುತ್ತದೆ. ಜೊತೆಗೆ ಮೈಕ್‌ನ ದನಿ ಏರಿಸಿ ಇಳಿಸುವ ಗೇನ್ ತಿರುಗಣೆ, 48 ವೋಲ್ಟ್ ಬಟನ್, ಹೆಡ್‌ಫೋನ್ ತಿರುಗಣೆ, ಡೈರೆಕ್ಟ್ ಮಾನಿಟರ್ ಬಟನ್ (ಇದರ ಕೆಲಸ ಮುಂದೆ ಹೇಳುತ್ತೇನೆ) ಎಲ್ಲ ಕಾರ್ಡ್ ಮೇಲೇ ಕೈಗೆ ಸಿಗುವ ಹಾಗೆ ಇರಲಿ.

ಹೆಸರು ಹೇಳಿ ಅಂತೀರಿ. ಬೆಹ್ರಿಂಗರ್ ಯುಎಂಸಿ202ಎಚ್‌ಡಿ, ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2. ಎರಡೂ ಎರಡು ಇನ್‌ಪುಟ್‌ನವು, ಎರಡೂ ಕ್ಲಾಸ್ ಕಂಪ್ಲಯಂಟ್. ಸ್ಕಾರ್ಲೆಟ್‌ನ ದೊಡ್ಡ ಕಾರ್ಡ್‌ಗಳೊಳಗೆ ದನಿಗಳನ್ನು ಬೆರೆಸುವ, ಸಾಫ್ಟ್‌ವೇರ್‌ನಿಂದ ನಡೆಸುವ ಮಿಕ್ಸರ್ ಇದೆ. ಅದಕ್ಕೆ ಲಿನಕ್ಸ್ ಡ್ರೈವರ್ ಬರೆದು, ಮೇಲೊಂದು ಕಂಟ್ರೋಲ್ ಪ್ಯಾನೆಲ್ಲನ್ನೂ ಮಾಡಿಕೊಟ್ಟವರು ಜೆಫ್ರಿ ಬೆನೆಟ್. ಅವರಿಗೆ ನಾವೆಲ್ಲ ಋಣಿ. ಇನ್ನೊಂದು ಮಾತು, ಹೊಸ ಸ್ಕಾರ್ಲೆಟ್ ಮೊದಲ ಸಲ ಸಿಕ್ಕಿಸಿದಾಗ ಪೆನ್‌ಡ್ರೈವ್ ಥರವೂ ಕಾಣಿಸಬಹುದು. ಗಾಬರಿಯಾಗಬೇಡಿ, ಕೆಟ್ಟಿಲ್ಲ.

ಈಗ ಲೇಟೆನ್ಸಿ. ಒಬ್ಬ ಹಿರಿಯರಿಗೆ ಹೆಡ್‌ಫೋನ್ ಹಾಕಿ ಹಾಡಿ ಅಂದೆ. ಎರಡು ಸಾಲು ಹಾಡಿ ನಿಲ್ಲಿಸಿದರು. "ತಮ್ಮಾ, ನನ್ನ ದನಿ ನನ್ನ ಹಿಂದ ಬರಾಕತ್ತೈತಲ್ಲೋ" ಅಂದರು. ಲೇಟೆನ್ಸಿ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ.

ಲೆಕ್ಕ ಸುಲಭ. ಕಾರ್ಡ್ ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆಯುತ್ತದೆ. ಅದನ್ನು ಬೊಗಸೆ ಬೊಗಸೆಯಾಗಿ ಕಂಪ್ಯೂಟರ್‌ಗೆ ಕೊಡುತ್ತದೆ. ಆ ಬೊಗಸೆಯೇ ಬಫರ್. ಬಫರ್ 1024 ಇಟ್ಟರೆ ಒಂದು ಬೊಗಸೆ ತುಂಬಲು 21 ಮಿಲಿಸೆಕೆಂಡ್. ಹೋಗಿ ಬರುವುದು ಸೇರಿ 40 ದಾಟುತ್ತದೆ. ಗಾಳಿಯಲ್ಲಿ ದನಿ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ ಅವರ ದನಿ 14 ಮೀಟರ್ ಆಚೆ, ಗುಡಿಯ ಆ ತುದಿಯಿಂದ ಬಂದ ಹಾಗೆ ಕೇಳುತ್ತಿತ್ತು. ಯಾರು ಹಾಡಿಯಾರು? ಬಫರನ್ನು 128ಕ್ಕೆ ಇಳಿಸಿದರೆ ಒಂದು ಬೊಗಸೆಗೆ 3 ಮಿಲಿಸೆಕೆಂಡ್ ಕೂಡ ಬೇಡ. ಆದರೆ ಹಳೆಯ ಲ್ಯಾಪ್‌ಟಾಪ್ ಆ ವೇಗಕ್ಕೆ ಓಡಲಾರದೆ ಚಟಪಟ ಸದ್ದು ಮಾಡುತ್ತದೆ. ಅದಕ್ಕೇ ಡೈರೆಕ್ಟ್ ಮಾನಿಟರ್ ಬಟನ್ ಅಷ್ಟು ಮುಖ್ಯ. ಅದನ್ನು ಒತ್ತಿದರೆ ಮೈಕ್‌ನ ದನಿ ಕಂಪ್ಯೂಟರ್‌ಗೆ ಹೋಗಿ ಬರದೆ ಕಾರ್ಡ್‌ನಿಂದ ನೇರ ಕಿವಿಗೆ ಬರುತ್ತದೆ. ಆಮೇಲೆ ಬಫರ್ ಎಷ್ಟಿದ್ದರೂ ಹಾಡುವವರಿಗೆ ತೊಂದರೆ ಇಲ್ಲ.

ಹಿಂದೆ ಇದಕ್ಕೆಲ್ಲ ಜಾಕ್ ಅನ್ನುವ ಸಾಫ್ಟ್‌ವೇರ್ ಜೊತೆ ಗುದ್ದಾಡಬೇಕಿತ್ತು. 2021ರಲ್ಲಿ ಫೆಡೋರಾ 34 ಅನ್ನುವ ಲಿನಕ್ಸ್, ಜಾಕ್‌ನ ಕೆಲಸವನ್ನೂ ಮಾಡುವ ಪೈಪ್‌ವೈರ್‌ಗೆ ಬದಲಾಯಿತು, ಆಮೇಲೆ ಉಬುಂಟು ಅನ್ನುವ ಲಿನಕ್ಸ್ ಕೂಡ. ಈಗ ಆರ್ಡರ್ (Ardour) ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದು ಹಾಡು ತುಂಬಿಸಿಕೊಳ್ಳುವುದು ಸಲೀಸು.

ಎಷ್ಟು ಇನ್‌ಪುಟ್ ಬೇಕು? ಮನೆಗೆ ಎರಡು ಸಾಕು. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ, ತಬಲಾ, ತಾಳ ಎಲ್ಲ ಇದ್ದರೂ ನಾನು ಎರಡೇ ಮೈಕ್ ಇಡುತ್ತೇನೆ. ಹಾರ್ಮೋನಿಯಂನವರನ್ನು ಸ್ವಲ್ಪ ಹಿಂದೆ ಕೂರಿಸುತ್ತೇನೆ. ಜನರನ್ನು ಸರಿಯಾಗಿ ಕೂರಿಸುವುದೇ ಅರ್ಧ ಮಿಕ್ಸಿಂಗ್.

ಮತ್ತೆ 192 ಕಿಲೋಹರ್ಟ್ಸ್ ಬೇಡ. 48 ಕಿಲೋಹರ್ಟ್ಸ್, 24 ಬಿಟ್ ಇಡಿ. ಬಿಟ್ ಅಂದರೆ ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಅನ್ನುವುದು. ಎರಡು ಚಾನೆಲ್‌ಗೆ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. 192 ಇಟ್ಟರೆ ಅದರ ನಾಲ್ಕು ಪಟ್ಟು, ಹಾಡು ಮಾತ್ರ ಅದೇ. 24 ಬಿಟ್ ಮಾತ್ರ ಬಿಡಬೇಡಿ. ತತ್ವಪದದಲ್ಲಿ ಒಬ್ಬರು ಮೆಲ್ಲಗೆ ಎತ್ತಿಕೊಳ್ಳುತ್ತಾರೆ, ಮರುಗಳಿಗೆ ಹಿಮ್ಮೇಳದವರೆಲ್ಲ ಗಂಟಲು ಬಿಡುತ್ತಾರೆ. 24 ಬಿಟ್ ಇದ್ದರೆ ಗೇನ್ ಕಡಿಮೆ ಇಟ್ಟು ಆಮೇಲೆ ಏರಿಸಬಹುದು. ಗೇನ್ ಜಾಸ್ತಿಯಾಗಿ ಒಡೆದ ದನಿಯನ್ನು ಸರಿಮಾಡುವುದು ಬಹಳ ಕಷ್ಟ.

ಇನ್ನು ನಮ್ಮ ಕಡೆಯ ತೊಂದರೆ ಒಂದಿದೆ. ಒಂದು ಬೇಸಿಗೆಯಲ್ಲಿ ಒಂದು ಗಂಟೆಯ ರೆಕಾರ್ಡಿಂಗ್ ಪೂರ್ತಿ ಗುಂಯ್ ಅಂತ ಸದ್ದು ಬಂತು. ಕಾರ್ಡ್ ಕೆಟ್ಟಿದೆ ಅಂದುಕೊಂಡೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದೆ, ಸದ್ದು ನಿಂತಿತು. ಅದು ಕರೆಂಟಿನ 50 ಹರ್ಟ್ಸ್ ಗುನುಗು. ಕೊಪ್ಪಳ, ರಾಯಚೂರು, ಬಳ್ಳಾರಿಯ ಬಿಸಿಲಿಗೆ ಅರ್ಥಿಂಗ್ ಗುಂಡಿ ಒಣಗಿಹೋಗುತ್ತದೆ. ಒಣಗಿದರೆ ಅರ್ಥ್ ಸರಿಯಾಗಿ ಸಿಗುವುದಿಲ್ಲ. ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಕರೆದು ಒಮ್ಮೆ ತೋರಿಸಿ. ಹಾಡುವಾಗ ಮಾತ್ರ ಬ್ಯಾಟರಿ ಮೇಲೆ ನಡೆಸಿ. ಫ್ಯಾನ್ ಕೂಡ ಆರಿಸಬೇಕು. ಸೆಕೆ ಕಷ್ಟ, ಗೊತ್ತು. ಅದಕ್ಕೇ ನಾನು ಬೆಳಿಗ್ಗೆ ಐದಕ್ಕೇ ಕೂರಿಸುತ್ತೇನೆ. ಆ ಹೊತ್ತಿಗೆ ಹಿರಿಯರ ದನಿಯೂ ತಿಳಿಯಾಗಿರುತ್ತದೆ.

ಕಾರ್ಡ್, ಎರಡು ಮೈಕ್, ಲ್ಯಾಪ್‌ಟಾಪ್ ಎಲ್ಲ ಇಲ್ಲಿ ಮೇಜಿನ ಮೇಲಿದೆ. ಚಾರ್ಜರ್ ತೆಗೆದಿದ್ದೇನೆ. ಹಿಂದಿನ ಸಾಲಿನಲ್ಲಿ ಏಕತಾರಿ ಹಿಡಿದು ಕೂತಿದ್ದೀರಲ್ಲ, ಅಜ್ಜಾ, ಮುಂದೆ ಬರ್ರಿ. ಒಂದು ಪದ ಹಾಡ್ರಿ. ಫ್ಯಾನ್ ಯಾರಾದರೂ ಆರಿಸ್ತೀರಾ?