ಹೆದರದ ಪ್ರಾಣಿಗಳ ನಡುವೆ

ಎಲ್ಲರಿಗೂ ನಮಸ್ಕಾರ.

ಇವತ್ತು ಅಕ್ಟೋಬರ್ 2. ಗಾಂಧೀಜಿ ಹುಟ್ಟಿದ ದಿನ, ವನ್ಯಜೀವಿ ಸಪ್ತಾಹ ಆರಂಭವಾಗುವ ದಿನ. ಅದಕ್ಕಾಗಿಯೇ ನಿಮ್ಮ ಕಾಲೇಜಿನವರು ನನ್ನನ್ನು ಕರೆದಿದ್ದಾರೆ. ಇದೇ ತಾರೀಕಿಗೆ ಮತ್ತೊಂದು ಸಂಗತಿಯೂ ಸೇರಿಕೊಂಡಿದೆ. 1836ರ ಅಕ್ಟೋಬರ್ 2ರಂದು, ಬಿರುಗಾಳಿ ಬೀಸುತ್ತಿದ್ದ ರಾತ್ರಿ, ಬೀಗಲ್ ಎಂಬ ಹಡಗು ಇಂಗ್ಲೆಂಡಿನ ಫಾಲ್ಮತ್ ಬಂದರು ಸೇರಿತು. ಅದರಿಂದ ಇಳಿದ ಇಪ್ಪತ್ತೇಳರ ತರುಣನೊಬ್ಬ ಸುಧಾರಿಸಿಕೊಳ್ಳಲೂ ನಿಲ್ಲದೆ ಟಪಾಲು ಗಾಡಿ ಹತ್ತಿ ಊರಿನ ದಾರಿ ಹಿಡಿದ. 1831ರ ಡಿಸೆಂಬರ್ 27ರಂದು ಅದೇ ಹಡಗಿನಲ್ಲಿ ಹೊರಟಾಗ ಅವನಿಗೆ ಇಪ್ಪತ್ತೆರಡು ವರ್ಷ. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಅನೇಕರ ವಯಸ್ಸು.

ಚಾರ್ಲ್ಸ್ ಡಾರ್ವಿನ್ ಎಂದೊಡನೆ ನಮಗೆ ನೆನಪಾಗುವುದು ಪಠ್ಯಪುಸ್ತಕದ ಬಿಳಿಗಡ್ಡದ ಮುದುಕ. ಬಹಳ ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ ನಾನೂ ಆ ಚಿತ್ರವನ್ನೇ ತೋರಿಸುತ್ತ ಬಂದೆ. ಇಂದು ಆ ಗಡ್ಡವನ್ನೂ ವಿಕಾಸವಾದವನ್ನೂ ಪಕ್ಕಕ್ಕಿಟ್ಟು, ಹಡಗು ಹತ್ತಿ ಹೋದ ಹುಡುಗನ ಬಗ್ಗೆ ಮಾತನಾಡುತ್ತೇನೆ. ಕಂಡರಿಯದ ಪ್ರಾಣಿಗಳ ಎದುರು ನಿಂತಾಗ ಅವನ ಕೈ ಏನು ಮಾಡಿತು ಎಂಬುದಷ್ಟೇ ನನ್ನ ವಿಷಯ.

ಆ ಕೈಗೆ ಮೊದಲಿನಿಂದಲೂ ಬೇಟೆಯ ಚಟವಿತ್ತು. ಜೌಗುನೆಲದ ಸ್ನೈಪ್ ಹಕ್ಕಿಯೊಂದನ್ನು ಮೊದಲ ಬಾರಿ ಹೊಡೆದು ಬೀಳಿಸಿದಾಗ ಸಂಭ್ರಮಕ್ಕೆ ಕೈ ನಡುಗಿ, ಬಂದೂಕಿಗೆ ಮತ್ತೆ ಮದ್ದು ತುಂಬಲು ಕಷ್ಟವಾಯಿತೆಂದು ಅವನೇ ಬರೆದುಕೊಂಡಿದ್ದಾನೆ. ಅವನ ತಂದೆ ಶ್ರೂಸ್‌ಬರಿಯ ದೊಡ್ಡ ವೈದ್ಯ. ಬೇಟೆ, ನಾಯಿ, ಇಲಿ ಹಿಡಿಯುವುದು ಬಿಟ್ಟರೆ ನಿನಗೆ ಬೇರೇನೂ ಬೇಡ, ನೀನು ಮನೆತನಕ್ಕೇ ಕಳಂಕವಾಗುತ್ತೀಯ ಎಂದು ತಂದೆ ಬೈದದ್ದನ್ನು ಮಗ ಮುಪ್ಪಿನವರೆಗೂ ಮರೆಯಲಿಲ್ಲ. ಆದರೆ ಅದೇ ಹುಡುಗ ಹಕ್ಕಿಗೂಡಿನಿಂದ ಒಂದು ಮೊಟ್ಟೆಗಿಂತ ಹೆಚ್ಚು ತೆಗೆಯುತ್ತಿರಲಿಲ್ಲ. ಗಾಳಕ್ಕೆ ಸಿಕ್ಕಿಸುವ ಎರೆಹುಳು ಜೀವಂತ ನರಳಬಾರದೆಂದು ಮೊದಲು ಉಪ್ಪುನೀರಿನಲ್ಲಿ ಹಾಕಿ ಕೊಲ್ಲುತ್ತಿದ್ದ. ಕೊಲ್ಲುವುದೂ ಕನಿಕರವೂ ಒಂದೇ ಹುಡುಗನಲ್ಲಿ ಹೀಗೆ ಜೊತೆಯಾಗಿದ್ದವು. ಹಳ್ಳಿಯಲ್ಲಿ ಬೆಳೆದವರಿಗೆ ಇದು ಅಪರಿಚಿತವಲ್ಲ. ಕವಣೆ ಹಿಡಿದು ಬೆಳವನ ಹಿಂದೆ ಅಲೆಯುತ್ತಿದ್ದ ನಾನು, ಗೂಡಿನಿಂದ ಬಿದ್ದ ಗುಬ್ಬಿಮರಿಗೆ ಹತ್ತಿಯಲ್ಲಿ ಹಾಲು ಹಿಂಡುತ್ತ ಇಡೀ ರಾತ್ರಿ ಎದ್ದಿದ್ದೆ.

ಜೀರುಂಡೆಯ ಪ್ರಸಂಗವನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕೇಂಬ್ರಿಡ್ಜಿನ ದಿನಗಳಲ್ಲಿ ಒಮ್ಮೆ ಹಳೆಯ ಮರದ ತೊಗಟೆ ಕಿತ್ತಾಗ ಎರಡು ಅಪರೂಪದ ಜೀರುಂಡೆಗಳು ಸಿಕ್ಕಿದವು. ಎರಡೂ ಕೈಯಲ್ಲಿ ಒಂದೊಂದನ್ನು ಹಿಡಿದ. ಅಷ್ಟರಲ್ಲಿ ಮೂರನೆಯ ಹೊಸ ಬಗೆಯೊಂದು ಕಣ್ಣಿಗೆ ಬಿತ್ತು. ಅದನ್ನು ಬಿಡಲು ಮನಸ್ಸಾಗದೆ ಬಲಗೈಯಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡ. ಅದು ಬಿಟ್ಟ ಖಾರದ ರಸಕ್ಕೆ ನಾಲಗೆ ಉರಿದು ಉಗುಳಬೇಕಾಯಿತು. ಬಾಯಲ್ಲಿದ್ದದ್ದೂ ಹೋಯಿತು, ಮೂರನೆಯದೂ ಹೋಯಿತು. ಸಿಕ್ಕಿದ್ದೆಲ್ಲ ನನ್ನ ಮುಷ್ಟಿಯಲ್ಲಿರಬೇಕು ಎಂಬ ಆತುರ ಇಲ್ಲಿ ಎಷ್ಟು ಸ್ಪಷ್ಟವಾಗಿದೆ ನೋಡಿ.

ಅದಕ್ಕೂ ಮೊದಲು, 1826ರಲ್ಲಿ, ವೈದ್ಯಕೀಯ ಓದಲು ಎಡಿನ್‌ಬರೋಗೆ ಹೋಗಿದ್ದಾಗ ಅವನಿಗೆ ಒಬ್ಬ ಗುರು ಸಿಕ್ಕಿದ್ದರು. ಜಾನ್ ಎಡ್ಮನ್‌ಸ್ಟನ್. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಗುಲಾಮರಾಗಿದ್ದು ಬಿಡುಗಡೆ ಪಡೆದ ಕಪ್ಪು ಮನುಷ್ಯ. ಸತ್ತ ಹಕ್ಕಿಯ ಚರ್ಮ ಸುಲಿದು, ಒಳಗೆ ತುಂಬಿ, ಜೀವಂತವಿದ್ದಂತೆ ನಿಲ್ಲಿಸುವ ಕೆಲಸದಲ್ಲಿ ನುರಿತವರು. ಅವರಿಂದ ಡಾರ್ವಿನ್ ಹಣ ಕೊಟ್ಟು ಆ ವಿದ್ಯೆ ಕಲಿತ. ಅವರ ಜೊತೆ ಕುಳಿತು ಹರಟುವುದು ತನಗೆ ಬಲು ಇಷ್ಟವಾಗಿತ್ತೆಂದೂ ಹೇಳಿದ್ದಾನೆ. ಬೀಗಲ್‌ನಿಂದ ಅವನು ಕಳಿಸಿದ ನೂರಾರು ಹಕ್ಕಿಗಳ ಚರ್ಮ ಕೆಡದೆ ಇಂಗ್ಲೆಂಡ್ ತಲುಪಿದ್ದಕ್ಕೆ ಹಿಂದೆ ಈ ಗುರು ಇದ್ದಾರೆ. ನಮ್ಮ ಪಠ್ಯಗಳಲ್ಲಿ ಅವರ ಹೆಸರು ಒಂದು ಸಾಲಿಗೂ ಬರುವುದಿಲ್ಲ. ಅದಕ್ಕೇ ಇಲ್ಲಿ ಹೇಳಿದೆ.

ಹಡಗು ಹೊರಟಿತು. ಕೇಪ್ ವರ್ಡ್ ದ್ವೀಪಗಳ ಕಲ್ಲುಕೊರಕಲುಗಳಲ್ಲಿ ಅವನು ಮೊದಲು ಕಂಡದ್ದು ಬಣ್ಣ ಬದಲಿಸುವ ಆಕ್ಟೋಪಸ್. ನೀರಿನ ಗುಂಡಿಗೆ ತಲೆ ಬಾಗಿಸಿ ನೋಡುತ್ತಿದ್ದಾಗ ಅದು ಮುಖಕ್ಕೆ ಪಿಚಕಾರಿಯಂತೆ ನೀರು ಚಿಮ್ಮಿಸಿತು. ದಕ್ಷಿಣ ಅಮೆರಿಕದ ದಕ್ಷಿಣ ತುದಿಯ ಪಟಗೋನಿಯಾದ ಬಯಲಿನಲ್ಲಿ ಗ್ವಾನಾಕೊಗಳು ಸಿಕ್ಕಿದವು. ಒಂಟೆಯ ಬಂಧುಗಳಾದ ಇವು ದೂರದಿಂದಲೇ ಮನುಷ್ಯನನ್ನು ಕಂಡು ಓಡುವಂಥವು, ಆದರೆ ಕುತೂಹಲ ವಿಪರೀತ. ನೆಲದ ಮೇಲೆ ಅಂಗಾತ ಮಲಗಿ ಕಾಲುಗಳನ್ನು ಗಾಳಿಯಲ್ಲಿ ಬಡಿದರೆ ಇದೇನಿದು ಎಂದು ನೋಡಲು ಹೆಜ್ಜೆಹೆಜ್ಜೆಯಾಗಿ ಹತ್ತಿರ ಬರುತ್ತಿದ್ದವು. ಆಗ ಗುಂಡು ಹೊಡೆಯುತ್ತಿದ್ದರು. ಗುಂಡಿನ ಸದ್ದನ್ನೂ ಅವು ಆಟದ ಭಾಗವೆಂದೇ ತಿಳಿಯುತ್ತಿದ್ದವಂತೆ. ಈ ವಿವರವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಕುತೂಹಲ ಡಾರ್ವಿನ್ನನ ದೊಡ್ಡ ಗುಣವೆಂದು ನಾವು ಹೊಗಳುತ್ತೇವೆ. ಆ ಬಯಲಿನಲ್ಲಿ ಎರಡೂ ಕಡೆ ಇದ್ದದ್ದು ಕುತೂಹಲವೇ. ಒಂದು ಕಡೆ ಮಾತ್ರ ಬಂದೂಕಿತ್ತು.

ಎರಡು ನರಿಗಳ ಬಗ್ಗೆ ಹೇಳಬೇಕು. 1833ರಲ್ಲೂ 1834ರಲ್ಲೂ ಬೀಗಲ್ ದಕ್ಷಿಣ ಅಟ್ಲಾಂಟಿಕ್ ಸಾಗರದ ಫಾಕ್ಲೆಂಡ್ ದ್ವೀಪಗಳಿಗೆ ಹೋಯಿತು. ಅಲ್ಲಿ ನೆಲದ ಮೇಲೆ ಓಡಾಡುವ ಸ್ಥಳೀಯ ಸಸ್ತನಿ ಎಂದರೆ ಒಂದೇ: ತೋಳಕ್ಕೂ ನರಿಗೂ ನಡುವಣ ಒಂದು ಪ್ರಾಣಿ, ವಾರಾ ಎಂದು ಹೆಸರು. ಮನುಷ್ಯನಿಲ್ಲದ ದ್ವೀಪದಲ್ಲಿ ಹುಟ್ಟಿ ಬೆಳೆದ ಅದಕ್ಕೆ ಮನುಷ್ಯನ ಭಯವೇ ಗೊತ್ತಿರಲಿಲ್ಲ. ಹಿಂದಿನ ಕಾಲದಲ್ಲಿ ಬಂದ ನಾವಿಕರು, ತಮ್ಮನ್ನು ನೋಡಲು ಓಡಿ ಬರುತ್ತಿದ್ದ ಈ ಪ್ರಾಣಿಗಳನ್ನು ಕಂಡು ಹೆದರಿ ನೀರಿಗಿಳಿದಿದ್ದರು. ಗೌಚೊ ಎಂಬ ಕುದುರೆಸವಾರ ದನಗಾಹಿಗಳು ಒಂದು ಕೈಯಲ್ಲಿ ಮಾಂಸದ ತುಂಡು ಚಾಚಿ, ಇನ್ನೊಂದು ಕೈಯಲ್ಲಿ ಚಾಕು ಹಿಡಿದು, ಹತ್ತಿರ ಬಂದದ್ದನ್ನು ಇರಿಯುತ್ತಿದ್ದರು. ಇನ್ನು ಕೆಲವೇ ವರ್ಷಗಳಲ್ಲಿ ಈ ಪ್ರಾಣಿ ಡೋಡೋ ಹಕ್ಕಿಯ ಸಾಲಿಗೆ ಸೇರಿಹೋಗುತ್ತದೆ ಎಂದು ಡಾರ್ವಿನ್ ಬರೆದ. ಒಂದು ಪ್ರಾಣಿಯನ್ನು ಕಣ್ಣೆದುರು ಜೀವಂತ ನೋಡುತ್ತ ಅದರ ಅಳಿವನ್ನು ಮುಂಚೆಯೇ ಬರೆದಿಡುವುದು ಸಣ್ಣ ಮಾತಲ್ಲ.

ಅದೇ ಹುಡುಗ 1834ರ ಡಿಸೆಂಬರ್‌ನಲ್ಲಿ ಚಿಲಿಯ ಚಿಲೋಯೆ ಪಕ್ಕದ ಸ್ಯಾನ್ ಪೆಡ್ರೊ ದ್ವೀಪದಲ್ಲಿ ಏನು ಮಾಡಿದನೆಂದು ಕೇಳಿ. ಹಡಗಿನ ಅಧಿಕಾರಿಗಳು ಬಂಡೆಯ ಬಳಿ ಮೋಜಣಿ ಮಾಡುತ್ತಿದ್ದರು. ಅಪರೂಪದ ಜಾತಿಯ ಸಣ್ಣ ನರಿಯೊಂದು ಅಲ್ಲೇ ಕುಳಿತು, ಅವರ ಉಪಕರಣಗಳನ್ನೂ ಕೆಲಸವನ್ನೂ ಮೈಮರೆತು ನೋಡುತ್ತಿತ್ತು. ಡಾರ್ವಿನ್ ಸದ್ದಿಲ್ಲದೆ ಹಿಂದಿನಿಂದ ಹೋಗಿ, ಕಲ್ಲು ಒಡೆಯುವ ತನ್ನ ಸುತ್ತಿಗೆಯಿಂದ ಅದರ ತಲೆಗೆ ಹೊಡೆದು ಕೊಂದ. ಬೇರೆ ನರಿಗಳಿಗಿಂತ ಇದಕ್ಕೆ ವಿಜ್ಞಾನದ ಆಸಕ್ತಿ ಹೆಚ್ಚು, ಜಾಣತನ ಕಡಿಮೆ ಎಂದು ನಗೆಮಾತಾಗಿ ಬರೆದ. ಇಂದು ಆ ಜಾತಿಗೆ ‘ಡಾರ್ವಿನ್ನನ ನರಿ’ ಎಂದೇ ಹೆಸರು, ಅದು ಅಳಿವಿನಂಚಿನಲ್ಲಿದೆ. ಡಾರ್ವಿನ್ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಸಾಲು ಓದುವಾಗ ಮಾತ್ರ ನನಗೆ ನಗು ಬರುವುದಿಲ್ಲ. ಮಾದರಿ ಸಂಗ್ರಹಿಸದೆ ಆ ಕಾಲದಲ್ಲಿ ವಿಜ್ಞಾನವೇ ಇರಲಿಲ್ಲ ಎಂಬುದು ನಿಜ. ಆದರೆ ನಮ್ಮನ್ನು ನಂಬಿ ಬೆನ್ನು ತಿರುಗಿಸಿ ಕುಳಿತ ಪ್ರಾಣಿ ಅದು.

ಅಲ್ಲಿಂದ ಒಂಬತ್ತು ತಿಂಗಳಿಗೆ, 1835ರ ಸೆಪ್ಟೆಂಬರ್ ಮಧ್ಯದಲ್ಲಿ, ಹಡಗು ಗ್ಯಾಲಪಗೋಸ್ ತಲುಪಿತು. ಈಕ್ವೆಡಾರ್ ಕರಾವಳಿಯಿಂದ ಸುಮಾರು ಸಾವಿರ ಕಿಲೋಮೀಟರ್ ದೂರದ ಕಪ್ಪು ಲಾವಾ ದ್ವೀಪಗಳು. ಅಲ್ಲಿ ಕಳೆದದ್ದು ಐದು ವಾರ, ಕಾಲಿಟ್ಟದ್ದು ನಾಲ್ಕು ದ್ವೀಪಗಳಲ್ಲಿ. ಬಿಸಿಲಿಗೆ ಕಾದ ಬಂಡೆಗಳ ನಡುವೆ ನಡೆಯುತ್ತಿದ್ದಾಗ ಎರಡು ದೈತ್ಯ ಆಮೆಗಳು ಎದುರಾದವು. ಒಂದೊಂದೂ ಸುಮಾರು ತೊಂಬತ್ತು ಕಿಲೋ ತೂಕ. ಒಂದು ಪಾಪಾಸುಕಳ್ಳಿ ತಿನ್ನುತ್ತಿತ್ತು, ಅವನತ್ತ ಒಮ್ಮೆ ನೋಡಿ ನಿಧಾನವಾಗಿ ಹೊರಟುಹೋಯಿತು. ಇನ್ನೊಂದು ಬುಸ್ಸೆಂದು ತಲೆ ಒಳಗೆಳೆದುಕೊಂಡಿತು. ಮುಂದೆ ಅವನು ಆಮೆಗಳ ಬೆನ್ನೇರಿದ. ಚಿಪ್ಪಿನ ಹಿಂಭಾಗಕ್ಕೆ ತಟ್ಟಿದರೆ ಎದ್ದು ನಡೆಯುತ್ತಿದ್ದವು, ಮೇಲೆ ಕುಳಿತವನಿಗೆ ಸಮತೋಲ ಸಿಗುತ್ತಿರಲಿಲ್ಲ. ಜೊತೆಜೊತೆಗೇ ನಡಿಗೆಯ ವೇಗವನ್ನೂ ಅಳೆದ: ಹತ್ತು ನಿಮಿಷಕ್ಕೆ ಅರವತ್ತು ಗಜ. ಸವಾರಿ ಮಾಡುವವನೂ ಅಳೆಯುವವನೂ ಒಬ್ಬನೇ. ಆ ಹುಡುಗನಲ್ಲಿ ನನಗೆ ಬಹಳ ಪ್ರಿಯವಾದದ್ದು ಇದು.

ಕಡಲ ಇಗುವಾನಾಗಳನ್ನು ಮೊದಲು ಅವನು ಇಷ್ಟಪಡಲಿಲ್ಲ. ನಮ್ಮ ಉಡವನ್ನು ನೆನಪಿಸುವ ಕಪ್ಪು ದೇಹ, ಬೆನ್ನ ಮೇಲೆ ಮುಳ್ಳಿನ ಸಾಲು. ಸಮುದ್ರದಲ್ಲಿ ಮುಳುಗಿ ಪಾಚಿ ತಿನ್ನುತ್ತವೆ. ಒಂದರ ಬಾಲ ಹಿಡಿದು ನೀರಿಗೆಸೆದ. ಈಜು ಬಲ್ಲ ಪ್ರಾಣಿ ದೂರ ಹೋಗಬೇಕಿತ್ತು. ಅದು ನೇರವಾಗಿ ಅವನು ನಿಂತಿದ್ದ ಜಾಗಕ್ಕೇ ಮರಳಿ ಬಂತು. ಮತ್ತೆ ಎಸೆದ, ಮತ್ತೆ ಬಂತು. ಹಲವು ಸಲ ಹೀಗೇ ಆಯಿತು. ಪ್ರಾಣಿಗೆ ಇದು ಹಿಂಸೆಯೇ, ಅನುಮಾನವಿಲ್ಲ. ಆದರೆ ಇಲ್ಲಿ ಆ ಕೈ ಮೊದಲ ಬಾರಿಗೆ ಕೊಲ್ಲದೆ ಪ್ರಶ್ನೆ ಕೇಳುತ್ತಿದೆ. ಅವನು ಕಂಡುಕೊಂಡ ಉತ್ತರ ಸುಂದರವಾಗಿದೆ: ನೆಲದ ಮೇಲೆ ಅದಕ್ಕೆ ಶತ್ರುಗಳೇ ಇಲ್ಲ, ಸಮುದ್ರದಲ್ಲಿ ಶಾರ್ಕ್‌ಗಳಿವೆ. ಆದ್ದರಿಂದ ಎಂಥ ಆಪತ್ತು ಬಂದರೂ ದಡವೇ ಕ್ಷೇಮವೆಂದು ಅದರ ಹುಟ್ಟುಗುಣ ಹೇಳುತ್ತದೆ, ಆಪತ್ತು ದಡದಲ್ಲೇ ನಿಂತಿದ್ದಾಗಲೂ. ಇನ್ನೊಂದು ದಿನ, ಬಿಲ ತೋಡುತ್ತಿದ್ದ ನೆಲದ ಇಗುವಾನಾವನ್ನು ಅರ್ಧ ಮೈ ಮಣ್ಣಿನೊಳಗೆ ಹೋಗುವವರೆಗೂ ನೋಡುತ್ತ ಕುಳಿತು, ಆಮೇಲೆ ಬಾಲ ಎಳೆದ. ಅದು ಹೊರಬಂದು ಅವನ ಮುಖವನ್ನೇ ದಿಟ್ಟಿಸಿತು. ಯಾಕಯ್ಯಾ ನನ್ನ ಬಾಲ ಎಳೆದೆ ಎಂದು ಕೇಳುವಂತಿತ್ತು ಅದರ ನೋಟ ಎನ್ನುತ್ತಾನೆ.

ಹಕ್ಕಿಗಳ ವಿಷಯದಲ್ಲಂತೂ ಬಂದೂಕೇ ಬೇಕಾಗಿರಲಿಲ್ಲ. ಕೊಂಬೆಯ ಮೇಲಿದ್ದ ಗಿಡುಗವೊಂದನ್ನು ಬಂದೂಕಿನ ತುದಿಯಿಂದ ತಳ್ಳಿಬಿಟ್ಟ. ಒಮ್ಮೆ ಅವನು ಮಲಗಿದ್ದಾಗ, ಕೈಯಲ್ಲಿದ್ದ ಆಮೆಚಿಪ್ಪಿನ ಪಾತ್ರೆಯ ಅಂಚಿಗೆ ಮಾಕಿಂಗ್‌ಬರ್ಡ್ ಎಂಬ ಹಕ್ಕಿ ಬಂದು ಕುಳಿತು ನೀರು ಕುಡಿಯತೊಡಗಿತು. ಪಾತ್ರೆಯನ್ನು ಮೇಲೆತ್ತಿದರೂ ಹಾರಲಿಲ್ಲ. ಆದರೆ ಚಾರ್ಲ್ಸ್ ದ್ವೀಪದಲ್ಲಿ, ಅಂದರೆ ಇಂದಿನ ಫ್ಲೊರಿಯಾನಾದಲ್ಲಿ, ಹುಡುಗನೊಬ್ಬ ಬಾವಿಯ ಬಳಿ ಬೆತ್ತ ಹಿಡಿದು ಕುಳಿತಿದ್ದ. ನೀರಿಗೆ ಬಂದ ಬೆಳವಗಳನ್ನೂ ಫಿಂಚ್ ಎಂಬ ಪುಟ್ಟ ಹಕ್ಕಿಗಳನ್ನೂ ಹೊಡೆದು ರಾತ್ರಿಯ ಊಟಕ್ಕೆ ಗುಡ್ಡೆ ಹಾಕುತ್ತಿದ್ದ. ದಿನವೂ ಹೀಗೆ ಸಾಯುತ್ತಿದ್ದರೂ ಹಕ್ಕಿಗಳು ಬರುವುದನ್ನು ಬಿಟ್ಟಿರಲಿಲ್ಲ.

ಡಾರ್ವಿನ್ ಇಲ್ಲಿ ನಿಂತು ಯೋಚಿಸಿದ. ಇಂಗ್ಲೆಂಡಿನಲ್ಲಿ ಮನುಷ್ಯನ ಏಟು ತಿಂದ ಮರಿಹಕ್ಕಿಗಳು ಬಹಳ ಕಡಿಮೆ, ಆದರೂ ಎಲ್ಲವೂ ಹೆದರುತ್ತವೆ. ಇಲ್ಲಿ ಏಟು ತಿನ್ನುತ್ತಲೇ ಇವೆ, ಹೆದರುವುದಿಲ್ಲ. ಹಾಗಾದರೆ ಮನುಷ್ಯನ ಭಯ ಹಕ್ಕಿಯೊಂದು ತನ್ನ ಬದುಕಿನಲ್ಲಿ ಕಲಿಯುವ ಪಾಠವಲ್ಲ. ತಲೆಮಾರುಗಳು ಸತ್ತು ಸತ್ತು ರಕ್ತದಲ್ಲಿ ಸೇರುವ ಗುಣ. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಮನೆಯ ಪಕ್ಕದ ಹುಣಸೆಮರದಲ್ಲೇ ಗೂಡು ಕಟ್ಟುವುದನ್ನು ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಅಲ್ಲಿ ಕೆಳಗೆ ದನ ಕಟ್ಟಿರುತ್ತಾರೆ, ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮೇಲೆ ಮರಿಗಳು ಗುಟುಕಿಗೆ ಬಾಯಿ ತೆರೆಯುತ್ತವೆ. ಆ ಊರಿನ ಹಿರಿಯರು ಕಲ್ಲೆತ್ತದೆ ಉಳಿಸಿಕೊಟ್ಟ ನಂಬಿಕೆ ಅದು.

ಗ್ಯಾಲಪಗೋಸ್‌ನಿಂದ ಹೊರಡುವಾಗ ಬೀಗಲ್ ಮೂವತ್ತರಷ್ಟು ಆಮೆಗಳನ್ನು ಊಟಕ್ಕೆಂದು ಹೇರಿಕೊಂಡಿತ್ತು. ಮೇವು ನೀರಿಲ್ಲದೆ ತಿಂಗಳುಗಟ್ಟಲೆ ಬದುಕುವ ಆಮೆ ಅಂದಿನ ಹಡಗುಗಳಿಗೆ ಜೀವಂತ ಉಗ್ರಾಣ. ಚಿಪ್ಪು ನೋಡಿದರೆ ಯಾವ ದ್ವೀಪದ ಆಮೆಯೆಂದು ಹೇಳಬಲ್ಲೆ ಎಂದು ಅಲ್ಲಿನ ಉಪರಾಜ್ಯಪಾಲ ಲಾಸನ್ ಹೇಳಿದ್ದರೂ ಡಾರ್ವಿನ್ ಆಗ ಅಷ್ಟಾಗಿ ಗಮನಿಸಲಿಲ್ಲ. ಮಾಂಸ ತಿಂದು ಚಿಪ್ಪುಗಳನ್ನು ಸಮುದ್ರಕ್ಕೆಸೆದರು. ಫ್ಲೊರಿಯಾನಾದ ಮೂಲ ಆಮೆ ಸಂತತಿ ಕೆಲವೇ ದಶಕಗಳಲ್ಲಿ ಆ ದ್ವೀಪದಿಂದ ಮಾಯವಾಯಿತು. ಆ ದ್ವೀಪದ ಮಾಕಿಂಗ್‌ಬರ್ಡ್ ಕೂಡ ಅಲ್ಲಿಂದ ಅಳಿದು, ಪಕ್ಕದ ಎರಡು ಪುಟ್ಟ ನಡುಗಡ್ಡೆಗಳಲ್ಲಿ ಮಾತ್ರ ಉಳಿದುಕೊಂಡಿತು.

ಈ ಐದು ವರ್ಷಗಳಲ್ಲಿ ಅವನ ಕೈಯಲ್ಲಿ ಒಂದು ಬದಲಾವಣೆ ನಡೆದಿತ್ತು. ಮೊದಲ ಎರಡು ವರ್ಷ ಸಂಗ್ರಹದ ಪ್ರಾಣಿಪಕ್ಷಿಗಳನ್ನೆಲ್ಲ ತಾನೇ ಹೊಡೆಯುತ್ತಿದ್ದ. ಬರಬರುತ್ತ ಬಂದೂಕನ್ನು ಸಹಾಯಕ ಸಿಮ್ಸ್ ಕವಿಂಗ್ಟನ್‌ಗೆ ಕೊಡತೊಡಗಿದ, ಕೊನೆಗೆ ಪೂರ್ತಿ ಬಿಟ್ಟುಕೊಟ್ಟ. ನೋಡುವುದರ, ಯೋಚಿಸುವುದರ ಸುಖ ಗುರಿಯಿಡುವ ಸುಖಕ್ಕಿಂತ ಎಷ್ಟೋ ದೊಡ್ಡದೆಂದು ತನಗೇ ಅರಿವಿಲ್ಲದಂತೆ ತಿಳಿಯಿತು ಎನ್ನುತ್ತಾನೆ. ಯಾರೂ ಉಪದೇಶ ಮಾಡಿರಲಿಲ್ಲ. ಬಂದೂಕು ಅವನ ಕೆಲಸಕ್ಕೆ ಅಡ್ಡಿಯಾಗಿತ್ತು, ಅಷ್ಟೇ.

ಊರಿಗೆ ಮರಳಿದ ಮೇಲೆ, 1838ರ ಮಾರ್ಚ್‌ನಲ್ಲಿ, ಅವನು ಲಂಡನ್ನಿನ ಮೃಗಾಲಯದಲ್ಲಿ ಜೆನ್ನಿ ಎಂಬ ಒರಾಂಗುಟಾನ್ ಮರಿಯನ್ನು ನೋಡಿದ. ಪಾಲಕ ಸೇಬು ತೋರಿಸಿ ಕೊಡಲಿಲ್ಲ. ಜೆನ್ನಿ ಅಂಗಾತ ಬಿದ್ದು ಕಾಲು ಬಡಿದು ಅತ್ತಳು. ಹಟ ಮಾಡುವ ಮಗುವಿನಂತೆಯೇ ಎಂದು ಅಕ್ಕನಿಗೆ ಪತ್ರ ಬರೆದ. ಅಳು ನಿಲ್ಲಿಸಿದರೆ ಕೊಡುತ್ತೇನೆ ಎಂದು ಪಾಲಕ ಹೇಳಿದಾಗ, ಅವಳು ಕಷ್ಟಪಟ್ಟು ಬಿಕ್ಕಳಿಕೆ ನುಂಗಿ ಸೇಬು ಪಡೆದು, ಕುರ್ಚಿಗೆ ಹಾರಿ ಕುಳಿತು ತೃಪ್ತಿಯಿಂದ ತಿಂದಳು. ಈ ಬಾರಿ ಅವನು ಬಾಲ ಎಳೆಯಲಿಲ್ಲ, ಎತ್ತಿ ಎಸೆಯಲಿಲ್ಲ. ನಿಂತು ಮುಖವನ್ನು ನೋಡಿದ.

1876ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಡಾರ್ವಿನ್ ಮಕ್ಕಳಿಗಾಗಿ ತನ್ನ ಬದುಕಿನ ನೆನಪುಗಳನ್ನು ಬರೆಯಲು ಕುಳಿತ. ಬಹಳ ಚಿಕ್ಕವನಿದ್ದಾಗ ಒಂದು ನಾಯಿಮರಿಯನ್ನು, ಕೇವಲ ತನ್ನ ಬಲದ ಸುಖಕ್ಕಾಗಿ, ಹೊಡೆದದ್ದನ್ನು ಅದರಲ್ಲಿ ಬರೆದ. ಏಟು ಜೋರಾಗಿರಲಿಕ್ಕಿಲ್ಲ, ಮರಿ ಕಿರುಚಲಿಲ್ಲ, ಅದು ನನಗೆ ಖಚಿತ, ಏಕೆಂದರೆ ಆ ಜಾಗ ಮನೆಯ ಹತ್ತಿರವೇ ಇತ್ತು ಎಂದ. ಆ ಜಾಗ ಇಂದಿಗೂ ಕರಾರುವಾಕ್ಕಾಗಿ ನೆನಪಿದೆ, ಮನಸ್ಸಿಗೆ ಅಷ್ಟು ಭಾರವಾಗಿತ್ತು ಎಂದ.

ಅದೇ 1876ರಲ್ಲಿ, ಪಶ್ಚಿಮ ಫಾಕ್ಲೆಂಡಿನಲ್ಲಿ, ಕೊನೆಯ ವಾರಾವನ್ನು ಕೊಂದರು.