ಮಿಯಾಟಾದ ಹಾರ್ಡ್‌ಟಾಪ್‌ಗೆ ಕಾವಲು

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಮಾಜ್ದಾ ಎಂಎಕ್ಸ್-5 ಕಾರಿನ ಕಳಚುವ ಹಾರ್ಡ್‌ಟಾಪ್, ಅಂದರೆ ಗಟ್ಟಿ ಚಾವಣಿಯ ಬಗ್ಗೆ. ಅಮೆರಿಕದವರು ಮಿಯಾಟಾ ಅನ್ನುತ್ತಾರಲ್ಲ, ಅದೇ ಎರಡು ಸೀಟಿನ ಪುಟ್ಟ ಕಾರು.

1989ರಲ್ಲಿ ಬಂದ ಮೊದಲ ತಲೆಮಾರಿಗೂ 2005ರವರೆಗೆ ತಯಾರಾದ ಎರಡನೇ ತಲೆಮಾರಿಗೂ ಒಂದೇ ಹಾರ್ಡ್‌ಟಾಪ್ ಕೂರುತ್ತದೆ. ಕಳ್ಳರಿಗೆ ಅನುಕೂಲವಾಗಿರುವುದೂ ಇದೇ. ಒಂದು ಊರಲ್ಲಿ ಎತ್ತಿದ್ದು ಇನ್ನೊಂದು ಊರಿನ ಕಾರಿಗೆ ಸಲೀಸಾಗಿ ಹೊಂದುತ್ತದೆ, ಬಣ್ಣ ಬದಲಿಸಿದರೆ ಗುರುತೇ ಸಿಗದು. ಹಳೆಯ ಟಾಪ್‌ಗೂ ಸಾವಿರ ಡಾಲರ್ ಮೀರಿದ ಬೆಲೆಯಿದೆ.

ಅದು ನಿಂತಿರುವ ಬಗೆ ನೋಡಿ. ಮುಂದೆ, ವಿಂಡ್‌ಶೀಲ್ಡ್ ಚೌಕಟ್ಟಿಗೆ ಎರಡು ಲ್ಯಾಚ್, ಅಂದರೆ ಕೊಂಡಿ. ಬಾಗಿಲುಗಳ ಹಿಂದೆ, ಎಡಬಲಕ್ಕೆ ಒಂದೊಂದು ಲ್ಯಾಚ್. ಹಿಂಬದಿ ಅಂಚನ್ನು ಕಾರಿನ ಮೈಗೆ ಕಚ್ಚಿಸಿರುತ್ತಾರೆ, ಅಷ್ಟೆ. ನಾಲ್ಕೂ ಲ್ಯಾಚ್ ಬರಿಗೈಯಲ್ಲಿ ಬಿಚ್ಚುತ್ತವೆ. ತೂಕ ಸುಮಾರು 20 ಕೆ.ಜಿ. ಕಿಟಕಿಯ ಗಾಜು ಒಡೆದು ಒಳಗೆ ಕೈ ಹಾಕಿದ ಇಬ್ಬರಿಗೆ ಕೆಲವೇ ನಿಮಿಷದ ಕೆಲಸ. ಮಾಲೀಕರು ಬೇಸಿಗೆಯಲ್ಲಿ ತೆಗೆದು ಚಳಿಗಾಲದಲ್ಲಿ ಹಾಕಿಕೊಳ್ಳಲಿ ಎಂದು ಮಾಡಿದ ವ್ಯವಸ್ಥೆ ಅದು, ಕಳ್ಳರನ್ನು ತಡೆಯಲು ಮಾಡಿದ್ದಲ್ಲ.

ಮೊದಲು ಒಂದು ಅಭ್ಯಾಸ ಬಿಡಬೇಕು. ಬಟ್ಟೆಯ ಟಾಪ್ ಇರುವ ಕಾರಿನವರಲ್ಲಿ ಅನೇಕರು ಬಾಗಿಲಿಗೆ ಬೀಗ ಹಾಕುವುದಿಲ್ಲ. ಬೀಗ ಕಂಡರೆ ಕಳ್ಳರು ಬಟ್ಟೆಯನ್ನೇ ಸೀಳುತ್ತಾರೆ ಎಂಬ ಲೆಕ್ಕಾಚಾರ. ಬಟ್ಟೆಗೆ ಅದು ಸರಿ. ಹಾರ್ಡ್‌ಟಾಪ್ ಕೂರಿಸಿದ ದಿನದಿಂದ ಅದೇ ಅಭ್ಯಾಸ ಲ್ಯಾಚ್‌ಗಳನ್ನು ಕಳ್ಳರ ಕೈಗೆ ಕೊಟ್ಟಂತೆ.

ಕಾವಲು ಹಾಕಬೇಕಾದ ಜಾಗ ಪಕ್ಕದ ಎರಡು ಲ್ಯಾಚ್. ಅವನ್ನು ತೆಗೆದು, ಟಾಪ್ ಅನ್ನು ನೇರವಾಗಿ ಕಾರಿನ ಮೈಗೆ ಬೋಲ್ಟ್ ಮಾಡುವ ಕಿಟ್ ಸಿಗುತ್ತದೆ. ಆಮೇಲೆ ಮುಂದಿನ ಎರಡನ್ನು ಬಿಚ್ಚಿದರೂ ಟಾಪ್ ಮೇಲೇಳುವುದಿಲ್ಲ. ಮೀಟಿ ಕಿತ್ತರೆ ಫೈಬರ್‌ಗ್ಲಾಸ್ ಸೀಳುತ್ತದೆ, ಸೀಳಿದ ಟಾಪ್‌ಗೆ ಬೆಲೆಯಿಲ್ಲ. ಲ್ಯಾಚ್ ಮುಚ್ಚುವ ಬೀಗದ ಕವಚವನ್ನೇ ಹಾಕಿದರೆ, ಲ್ಯಾಚನ್ನು ಟಾಪ್‌ಗೆ ಹಿಡಿದಿರುವ ಬೋಲ್ಟ್‌ಗಳು ಹೊರಗೆ ಕಾಣುತ್ತವೆಯೋ ನೋಡಿ. ಕಂಡರೆ ಕಳ್ಳರು ಬೀಗ ಮುಟ್ಟದೆ ಅವನ್ನೇ ಬಿಚ್ಚುತ್ತಾರೆ.

ಬೋಲ್ಟ್ ತಲೆಯ ವಿಷಯದಲ್ಲಿ ಜಿಪುಣತನ ಬೇಡ. ನಕ್ಷತ್ರದಾಕಾರದ ಗುಳಿಯ ನಡುವೆ ಕಡ್ಡಿ ಇರುವ ಟಾರ್ಕ್ಸ್ ಬೋಲ್ಟ್ ಬಿಚ್ಚುವ ಬಿಟ್ ಅಗ್ಗದ ಸೆಟ್‌ಗಳಲ್ಲೇ ಬರುತ್ತದೆ. ಪ್ರತ್ಯೇಕ ಕೀಲಿ ಇರುವ ಬೋಲ್ಟ್ ಮೇಲು. ಖರ್ಚಿಲ್ಲದ ಉಪಾಯವೂ ಒಂದಿದೆ. 6 ಮಿ.ಮೀ. ದಪ್ಪದ, ತಲೆಯಲ್ಲಿ ಆರು ಮೂಲೆಯ ಗುಳಿಯಿರುವ ಎಂ6 ಅಲೆನ್ ಬೋಲ್ಟ್‌ನ ಗುಳಿಯ ಅಳತೆ 5 ಮಿ.ಮೀ. ಅದಕ್ಕೆ ಒಂದು ತೊಟ್ಟು ಎಪಾಕ್ಸಿ ಹಾಕಿ 5 ಮಿ.ಮೀ. ಉಕ್ಕಿನ ಗುಂಡನ್ನು ಮೆಲ್ಲಗೆ ಬಡಿದು ಕೂರಿಸಿ. ಅಲೆನ್ ಕೀ ಒಳಗೇ ಹೋಗದು. ಆದರೆ ಮುಂದೆ ನೀವೇ ಬಿಚ್ಚುವಾಗ ಕಾಯಿಸಬೇಕು, ಕೆಲವೊಮ್ಮೆ ಕೊರೆಯಬೇಕು. ವರ್ಷವಿಡೀ ಟಾಪ್ ಹಾಕಿಕೊಂಡೇ ಓಡಿಸುವವರಿಗೆ ಮಾತ್ರ ಇದು.

ಬಿಗಿಯುವಾಗ ಎಲ್ಲ ಬೋಲ್ಟ್‌ಗಳನ್ನೂ ಮೊದಲು ಬೆರಳಿನಲ್ಲೇ ಮೂರು ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಸಣ್ಣ ರಾಚೆಟ್‌ನಲ್ಲಿ ಎರಡೂ ಕಡೆ ಸರದಿಯಂತೆ ಬಿಗಿಯಿರಿ. ಒಂದನ್ನೇ ಪೂರ್ತಿ ಎಳೆದರೆ ಇನ್ನೊಂದರ ಥ್ರೆಡ್ ಅಡ್ಡಕ್ಕೆ ಕಚ್ಚುತ್ತದೆ. ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು, ಅಂದರೆ ಥ್ರೆಡ್‌ಲಾಕರ್, ನೀಲಿಯದೇ ಇರಲಿ. ಕೆಂಪು ಹಾಕಿದರೆ ಬಿಚ್ಚಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಪಕ್ಕದ ಬಣ್ಣ ಸುಟ್ಟುಹೋಗುತ್ತದೆ. ಬೋಲ್ಟ್‌ನ ಕೀಲಿ ಗ್ಲವ್ ಬಾಕ್ಸ್‌ನಲ್ಲಿ ಬೇಡ. ಕಳ್ಳರು ಮೊದಲು ತಡಕುವುದು ಅಲ್ಲೇ.

ಅಲಾರಂ ಇದ್ದರೆ, ಅದು ಬಾಗಿಲುಗಳನ್ನು ಕಾಯುತ್ತದೆಯೇ ಹೊರತು ಟಾಪ್ ಅನ್ನಲ್ಲ. ಟಾಪ್‌ಗೆ ಒಂದು ಅಯಸ್ಕಾಂತ, ಎದುರಿಗೆ ಕಾರಿನ ಮೈಗೆ ರೀಡ್ ಸ್ವಿಚ್ ಎಂಬ, ಅಯಸ್ಕಾಂತಕ್ಕೆ ಸ್ಪಂದಿಸುವ ಪುಟ್ಟ ಸ್ವಿಚ್, ನಡುವೆ 10 ಮಿ.ಮೀ. ಒಳಗಿನ ಅಂತರ ಸಾಕು. ಅಲಾರಂ ಅರ್ತ್ ಸಂಪರ್ಕ ಸಿಕ್ಕಾಗ ಕೂಗುವಂಥದ್ದಾದರೆ, ಅಯಸ್ಕಾಂತ ದೂರ ಸರಿದಾಗ ಸರ್ಕ್ಯೂಟ್ ಕೂಡುವ ಸ್ವಿಚ್ ತನ್ನಿ. ಉಲ್ಟಾ ತಂದರೆ ಟಾಪ್ ಇದ್ದಷ್ಟು ಹೊತ್ತೂ ಕೂಗುತ್ತದೆ. ತಂತಿಯನ್ನು ಒಳದೀಪದ ಲೈನಿಗೆ ಸೇರಿಸಬೇಡಿ, ಬಲ್ಬಿನ ಕರೆಂಟ್ ತಾಳದೆ ರೀಡ್ ಸ್ವಿಚ್‌ನ ಎಸಳುಗಳು ಬೆಸೆದುಕೊಳ್ಳುತ್ತವೆ. ಅಲಾರಂ ಪೆಟ್ಟಿಗೆಯ ಟ್ರಿಗರ್ ತಂತಿಗೇ ಕೊಡಿ. ಟಾಪ್ ತೆಗೆದ ದಿನಗಳಿಗೆ ಒಂದು ಬೈಪಾಸ್ ಸ್ವಿಚ್ಚೂ ಬೇಕು.

ಬೇಸಿಗೆಯಲ್ಲಿ ಟಾಪ್ ಗ್ಯಾರೇಜ್ ಸೇರುತ್ತದೆ, ಮಾಲೀಕರು ಮೈಮರೆಯುವುದು ಆಗಲೇ. ಸ್ಟ್ಯಾಂಡ್‌ಗೆ ಸರಪಳಿ ಬಿಗಿದರೆ ಉಳಿಯುವುದು ಸ್ಟ್ಯಾಂಡ್ ಮಾತ್ರ. ಪಕ್ಕದ ಲ್ಯಾಚ್ ಕೂರುವ ರಂಧ್ರಗಳಿಗೆ ಉಕ್ಕಿನ ಪಟ್ಟಿ ಬೋಲ್ಟ್ ಮಾಡಿ, ಅದರ ಮೂಲಕ ಸರಪಳಿ ಹಾಯಿಸಿ ಗೋಡೆಯ ಆ್ಯಂಕರ್‌ಗೆ ಬೀಗ ಹಾಕಿ. ಭಾರ ಹಿಂಬದಿ ಗಾಜಿನ ಮೇಲಾಗಲಿ ರಬ್ಬರ್ ಸೀಲ್ ಮೇಲಾಗಲಿ ಬೀಳದಿರಲಿ.

ಕೊನೆಗೆ ಗುರುತಿನ ಮಾತು. ಛಾಸಿ ನಂಬರನ್ನು ಟಾಪ್‌ನ ಒಳಮೈಯಲ್ಲಿ, ಸೀಲ್ ಮುಚ್ಚುವ ಎರಡು ಕಡೆ ಕೊರೆದು, ಫೋಟೋ ತೆಗೆದಿಡಿ. ಫೈಬರ್‌ಗ್ಲಾಸ್ ರೇಡಿಯೋ ಸಂಕೇತವನ್ನು ತಡೆಯುವುದಿಲ್ಲವಾದ್ದರಿಂದ ತಾನಿರುವ ಜಾಗ ತಿಳಿಸುವ ಬ್ಲೂಟೂತ್ ಟ್ಯಾಗ್ ಒಳಗೆ ಬಚ್ಚಿಟ್ಟರೂ ಕೆಲಸ ಮಾಡುತ್ತದೆ. ಆದರೆ ಅಪರಿಚಿತ ಟ್ಯಾಗ್ ಜೊತೆಗಿದೆ ಎಂದು ಕಳ್ಳರ ಫೋನಿಗೂ ಎಚ್ಚರಿಕೆ ಹೋಗಬಹುದು, ಹಾಗಾಗಿ ಟಾಪ್ ಕಾಣೆಯಾದದ್ದು ಗೊತ್ತಾದ ತಕ್ಷಣ ಜಾಗ ನೋಡಿ ಪೊಲೀಸರಿಗೆ ತಿಳಿಸಿ. ವಿಮೆಯ ಪತ್ರದಲ್ಲಿ ಹಾರ್ಡ್‌ಟಾಪ್ ಎಂದು ಬೇರೆಯಾಗಿ, ಬೆಲೆಸಹಿತ ಬರೆಸಿ. ಆಮೇಲೆ ಕೊಂಡು ಹಾಕಿಸಿದ ಟಾಪ್ ಆದರೆ ಅದರ ರಸೀದಿಯನ್ನೂ ಆ ಪತ್ರದ ಜೊತೆಗೇ ಇಡಿ. ನಮಸ್ಕಾರ.