ಬೋರ್ಡಿನ ಕೊನೆಯ ಪದ

ನಮಸ್ಕಾರ. ಅಂಗಡಿ ಇಟ್ಟುಕೊಂಡವರು, ಸರಕು ಸಪ್ಲೈ ಮಾಡುವವರು, ಲಾರಿ ಬಾಡಿಗೆಗೆ ಬಿಟ್ಟವರು, ಬಡಗಿ ಕೆಲಸ, ಬಣ್ಣದ ಕೆಲಸ ಕಂಟ್ರಾಕ್ಟ್ ಹಿಡಿಯುವವರು, ಇವತ್ತಿನ ಮಾತು ನಿಮಗೆ. ಕೈಲಿರುವ ಕೆಲಸ ನಿಲ್ಲಿಸಬೇಡಿ. ಕಿವಿ ಈ ಕಡೆ ಇರಲಿ.

ನಾನು ಹೇಳುವುದು ಒಂದೇ ಒಂದು ಇಂಗ್ಲಿಷ್ ಪದದ ವಿಷಯ. ಲಿಮಿಟೆಡ್. ದಿನಾ ನೋಡುತ್ತೀರಿ. ಕಂಪನಿ ಬೋರ್ಡಿನ ಕೊನೆಯಲ್ಲಿ ಇರುತ್ತದೆ, ಬಿಲ್ಲಿನ ಮೇಲೆ ಇರುತ್ತದೆ, ಚೆಕ್ಕಿನ ಮೇಲೂ ಇರುತ್ತದೆ. ನೋಡಿದ ತಕ್ಷಣ ಏನನ್ನಿಸುತ್ತದೆ? "ಓ, ಪ್ರೈವೇಟ್ ಲಿಮಿಟೆಡ್ ಕಂಪನಿ, ದೊಡ್ಡವರು, ದುಡ್ಡು ಎಲ್ಲಿ ಹೋಗುತ್ತೆ?" ಅಲ್ವಾ?

ನನ್ನ ಪರಿಚಯದ ಬಡಗಿಯೊಬ್ಬರು ಹೀಗೇ ನಂಬಿ ಒಂದು ಕಂಪನಿಗೆ ಮೇಜು, ಕುರ್ಚಿ, ಬೀರು ಎಲ್ಲಾ ಉದ್ರಿಯಲ್ಲಿ ಮಾಡಿಕೊಟ್ಟರು. ಕಂಪನಿ ಮುಚ್ಚಿತು. ಯಜಮಾನರ ಕಾರು, ಮನೆ ಎಲ್ಲಾ ಇದ್ದ ಹಾಗೇ ಇದೆ. "ಆ ಮನೆಗೆ ಹೋಗಿ ಕೇಳಬಹುದಾ ಸಾರ್?" ಅಂತ ನನ್ನ ಹತ್ತಿರ ಬಂದರು. ಹೋಗಿ ಕೇಳಬಹುದು, ಆದರೆ ಕಾನೂನು ಜೊತೆಗೆ ಬರುವುದಿಲ್ಲ ಅಂತ ಹೇಳಬೇಕಾಯಿತು. ಕಾಮರ್ಸ್ ಪಾಠ ಮಾಡಿದ ಇಷ್ಟು ವರ್ಷದಲ್ಲಿ ಅಷ್ಟು ಕಷ್ಟದ ಉತ್ತರ ನಾನು ಕೊಟ್ಟಿಲ್ಲ.

ಲಿಮಿಟೆಡ್ ಅಂದರೆ ಮಿತಿ ಹಾಕಿದ್ದು. ಯಾವುದಕ್ಕೆ ಮಿತಿ? ವ್ಯಾಪಾರಕ್ಕಲ್ಲ, ಲಾಭಕ್ಕಲ್ಲ. ಹೊಣೆಗೆ ಮಿತಿ. ಒಬ್ಬರು 10 ರೂಪಾಯಿಯ 1,000 ಷೇರು ತೆಗೆದುಕೊಂಡರು ಅನ್ನಿ. 10,000 ರೂಪಾಯಿ ಕಟ್ಟಿದರು. ಕಂಪನಿ 50 ಲಕ್ಷ ಬಾಕಿ ಉಳಿಸಿ ಮುಳುಗಿತು. ಅವರಿಗೆ ಹೋಗುವುದು ಆ 10,000 ಮಾತ್ರ. ಅವರ ಮನೆ, ಹೊಲ, ಹೆಂಡತಿಯ ಕೊರಳಿನ ಸರ, ಯಾವುದನ್ನೂ ನೀವು ಮುಟ್ಟುವ ಹಾಗಿಲ್ಲ. ಲಿಮಿಟೆಡ್ ಅನ್ನುವುದು ದೊಡ್ಡಸ್ತಿಕೆಯ ಪದ ಅಲ್ಲ, ಎಚ್ಚರಿಕೆಯ ಪದ. ಇದನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈ ಪದ ಹುಟ್ಟಿದ್ದೇ ಎಚ್ಚರಿಸುವುದಕ್ಕೆ. 1855ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನು ಬಂತು. ಹೊಣೆಗೆ ಮಿತಿ ಬೇಕಾ, ತಗೊಳ್ಳಿ, ಆದರೆ ಹೆಸರಿನ ಕೊನೆಯ ಪದ ಲಿಮಿಟೆಡ್ ಅಂತಲೇ ಇರಬೇಕು ಅಂದರು. ಸಾಲ ಕೊಡುವವನು ಓದಿಕೊಂಡು ಕೊಡಲಿ ಅಂತ.

ಈಗ ನನ್ನ ಇಷ್ಟದ ಕಥೆ ಹೇಳಲೇಬೇಕು. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಆರನ್ ಸಾಲೊಮನ್ ಅಂತ ಒಬ್ಬರು ಬೂಟು ತಯಾರಿಸುತ್ತಿದ್ದರು. ಮೂವತ್ತು ವರ್ಷ ದುಡಿದು ಬೆಳೆಸಿದ ವ್ಯಾಪಾರ. ಬೆಳೆದ ಮಕ್ಕಳು ನಮಗೂ ಪಾಲು ಬೇಕು ಅಂದರು. 1892ರಲ್ಲಿ ಸಾಲೊಮನ್ ಒಂದು ಲಿಮಿಟೆಡ್ ಕಂಪನಿ ಮಾಡಿದರು. ಆಗಿನ ಕಾನೂನಿಗೆ ಏಳು ಜನ ಬೇಕು. ಮನೆಯಲ್ಲೇ ಏಳು ಜನ ಇದ್ದರು! ತಾವು, ಹೆಂಡತಿ, ಒಬ್ಬಳು ಮಗಳು, ನಾಲ್ಕು ಗಂಡುಮಕ್ಕಳು. ಮನೆಯವರು ಆರು ಜನಕ್ಕೆ ಒಂದೊಂದು ಷೇರು, ತಮಗೆ 20,001. ಆಮೇಲೆ ತಮ್ಮ ಬೂಟಿನ ವ್ಯಾಪಾರವನ್ನು ಆ ಕಂಪನಿಗೆ ತಾವೇ ಮಾರಿದರು, ಸುಮಾರು 39,000 ಪೌಂಡಿಗೆ. ಅಷ್ಟು ಹಣ ಕಂಪನಿಯ ಹತ್ತಿರ ಎಲ್ಲಿತ್ತು? ಅದಕ್ಕೇ 10,000 ಪೌಂಡನ್ನು ಕಂಪನಿ ತಮಗೆ ಕೊಡಬೇಕಾದ ಸಾಲ ಅಂತ ಡಿಬೆಂಚರ್, ಅಂದರೆ ಕಂಪನಿಯ ಆಸ್ತಿಯನ್ನೇ ಆಧಾರವಾಗಿಟ್ಟ ಸಾಲಪತ್ರ, ಬರೆಸಿಕೊಂಡರು. ಗಮನಿಸಿ, ಯಜಮಾನರೂ ಅವರೇ, ಸಾಲ ಕೊಟ್ಟವರೂ ಅವರೇ.

ಕಾಲ ಕೆಟ್ಟಿತು. ಬೂಟು ಕೆಲಸಗಾರರ ಮುಷ್ಕರಗಳಾದವು. ಸರ್ಕಾರದ ಆರ್ಡರುಗಳು ಹಲವರಿಗೆ ಹಂಚಿಹೋದವು. ಸಾಲೊಮನ್ ತಮ್ಮ ಡಿಬೆಂಚರುಗಳ ಆಧಾರದ ಮೇಲೆ 5,000 ಪೌಂಡು ಸಾಲ ತಂದು ಕಂಪನಿಗೇ ಸುರಿದರು. ನಿಲ್ಲಲಿಲ್ಲ. ಮುಂದಿನ ವರ್ಷವೇ ಕಂಪನಿ ದಿವಾಳಿ. 5,000 ಕೊಟ್ಟವನ ಲೆಕ್ಕ ತೀರಿದ ಮೇಲೆ ಉಳಿದದ್ದು ಸಾವಿರ ಪೌಂಡಿನ ಆಸುಪಾಸು. ಅದೂ ಡಿಬೆಂಚರ್ ಲೆಕ್ಕದಲ್ಲಿ ನನ್ನದು ಅಂದರು ಸಾಲೊಮನ್. ಆಧಾರವಿಲ್ಲದೆ ಉದ್ರಿ ಕೊಟ್ಟವರಿಗೆ 7,000 ಪೌಂಡಿಗೂ ಜಾಸ್ತಿ ಬಾಕಿ. ಅವರಿಗೆ ಸೊನ್ನೆ.

ಕೋರ್ಟಿಗೆ ಹೋಯಿತು. ಕೆಳಗಿನ ಎರಡೂ ಕೋರ್ಟು ಸಿಟ್ಟಾದವು. ಇದು ಕಂಪನಿಯೇ ಅಲ್ಲ, ಸಾಲೊಮನ್ ಹಾಕಿಕೊಂಡ ಮುಖವಾಡ, ಸಾಲ ಅವರೇ ತೀರಿಸಲಿ ಅಂದವು. ಅಷ್ಟರಲ್ಲಿ ಸಾಲೊಮನ್ ಕೈ ಬರಿದಾಗಿತ್ತು. ಆ ಕಾಲದ ಅಲ್ಲಿನ ಎಲ್ಲಕ್ಕಿಂತ ಮೇಲಿನ ಕೋರ್ಟು ಹೌಸ್ ಆಫ್ ಲಾರ್ಡ್ಸ್‌ಗೆ ಬಡವರಿಗಿರುವ ರಿಯಾಯಿತಿಯಲ್ಲಿ ಅಪೀಲು ಹಾಕಿದರು. 1896ರ ನವೆಂಬರ್‌ನಲ್ಲಿ ತೀರ್ಪು ಬಂತು. ಲಾರ್ಡುಗಳೆಲ್ಲ ಒಂದೇ ಮಾತು ಹೇಳಿದರು. ನೋಂದಣಿಯಾದ ಕ್ಷಣದಿಂದ ಕಂಪನಿ ಬೇರೆ ಆಸಾಮಿ, ಸಾಲೊಮನ್ ಬೇರೆ ಆಸಾಮಿ. ಕಂಪನಿಯ ಸಾಲಕ್ಕೆ ಸಾಲೊಮನ್ ಹೊಣೆ ಅಲ್ಲ. ನೂರಕ್ಕೂ ಹೆಚ್ಚು ವರ್ಷ ಕಳೆದರೂ ಇವತ್ತಿಗೂ ನಮ್ಮ ಕಾನೂನು ಕಾಲೇಜುಗಳಲ್ಲಿ ಕಂಪನಿ ಪಾಠ ಶುರುವಾಗುವುದು ಈ ಬೂಟಿನವರಿಂದಲೇ. ಅವತ್ತು ಉದ್ರಿ ಕೊಟ್ಟ ಚರ್ಮದ ವ್ಯಾಪಾರಿ ಬೋರ್ಡಿನ ಕೊನೆಯ ಪದ ಓದಿದ್ದರೆ! ಅದೊಂದು ಎಚ್ಚರಿಕೆಯ ಪದ.

ಇದು ಅನ್ಯಾಯ ಅಲ್ವಾ ಅಂತ ಕೇಳುತ್ತೀರಿ. ಮಿತಿ ಇಲ್ಲದಿದ್ದರೆ ಏನಾಗುತ್ತದೆ ಅಂತಲೂ ಕೇಳಿ. 1878ರಲ್ಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕು ಮುಳುಗಿತು. ಅದು ಲಿಮಿಟೆಡ್ ಅಲ್ಲ. 100 ಪೌಂಡಿನ ಷೇರು ಇಟ್ಟುಕೊಂಡವರ ಹತ್ತಿರ 2,750 ಪೌಂಡು ಕಟ್ಟಿ ಅಂದರು. ಷೇರುದಾರರ ಮನೆ ಮನೆಗಳೇ ಹಾಳಾದವು. ಅದನ್ನು ಕಂಡ ಮೇಲೆ ಬ್ರಿಟನ್ನಿನ ಬ್ಯಾಂಕುಗಳು ಒಂದೊಂದಾಗಿ ಲಿಮಿಟೆಡ್ ಆದವು. ಕಾನೂನು ಇರಲಿ, ಒಳ್ಳೆಯದೇ. ನಾವು ಓದಿಕೊಳ್ಳಬೇಕು, ಅಷ್ಟೇ ನನ್ನ ಹಟ.

ಸಮಯ ಆಗುತ್ತಾ ಬಂತು. ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ.

ಕನ್ನಡದ ಬೋರ್ಡುಗಳಲ್ಲಿ ಈ ಪದಕ್ಕೆ ನಿಯಮಿತ ಅಂತ ಬರೆಯುತ್ತಾರೆ. ಹಾಲು ಉತ್ಪಾದಕರ ಸಹಕಾರ ಸಂಘ ನಿಯಮಿತ, ವಿದ್ಯುತ್ ಸರಬರಾಜು ಕಂಪನಿ ನಿಯಮಿತ. ನಮ್ಮ ದಿನದ ಮಾತಿನಲ್ಲಿ ನಿಯಮಿತ ಅಂದರೇನು? ತಪ್ಪದೆ ಮಾಡುವುದು. ನಿಯಮಿತವಾಗಿ ಮಾತ್ರೆ ತಗೊಳ್ಳಿ ಅನ್ನುತ್ತಾರಲ್ಲ, ಹಾಗೆ. ಅದಕ್ಕೇ ಜನ ಪತ್ತಿನ ಸಹಕಾರ ಸಂಘ ನಿಯಮಿತ ಅಂತ ಓದಿ, ನಿಯಮದ ಪ್ರಕಾರ ನಡೆಯುವ ಸಂಘ ಅಂದುಕೊಳ್ಳುತ್ತಾರೆ. ಎಚ್ಚರಿಸಬೇಕಾದ ಪದ ಧೈರ್ಯ ಕೊಡುವ ಪದ ಆಗಿಬಿಟ್ಟಿದೆ. ನನಗೆ ಇದು ನಿಜವಾಗಿ ಬೇಸರದ ಸಂಗತಿ. ಸೀಮಿತ ಹೊಣೆ ಅಂತ ಬರೆದಿದ್ದರೆ ಅಜ್ಜಿಗೂ ಅರ್ಥವಾಗುತ್ತಿತ್ತು.

ಇನ್ನು ನೀವು ಮಾಡಬೇಕಾದ್ದು. ನಮ್ಮ 2013ರ ಕಂಪನಿ ಕಾಯ್ದೆ ಪ್ರಕಾರ ಕಂಪನಿಯ ಪೂರ್ತಿ ಹೆಸರು ಅದು ವ್ಯಾಪಾರ ನಡೆಸುವ ಪ್ರತಿ ಕಚೇರಿಯ ಹೊರಗೆ ಇರಬೇಕು, ಆ ಊರಿನ ಭಾಷೆಯ ಅಕ್ಷರದಲ್ಲೂ ಇರಬೇಕು. ಬಿಲ್ಲು, ಲೆಟರ್‌ಹೆಡ್ ಮೇಲೂ ಇರಬೇಕು. ಕೊನೆಯವರೆಗೆ ಓದಿ. ಲಿಮಿಟೆಡ್ ಅಂತಲೋ ಎಲ್‌ಎಲ್‌ಪಿ ಅಂತಲೋ ಇದ್ದರೆ ಹೊಣೆಗೆ ಮಿತಿ ಇದೆ. ಎಲ್‌ಎಲ್‌ಪಿ ಅಂದರೆ ಹೊಣೆಗೆ ಮಿತಿ ಹಾಕಿಕೊಂಡ ಪಾಲುದಾರಿಕೆ. ಸುಮ್ನೆ ಇಬ್ಬರು ಪಾಲುದಾರರ ಫರ್ಮ್ ಆದರೆ ಬಾಕಿಗೆ ಅವರ ಮನೆ, ಆಸ್ತಿಯೂ ಹೊಣೆ.

ದೊಡ್ಡ ಮೊತ್ತದ ಉದ್ರಿ ಕೊಡುವ ಮುಂಚೆ ಡೈರೆಕ್ಟರ ಕೈಲಿ ಪರ್ಸನಲ್ ಗ್ಯಾರಂಟಿ ಬರೆಸಿಕೊಳ್ಳಿ. ಕಂಪನಿ ಕೊಡದಿದ್ದರೆ ನಾನು ಕೊಡುತ್ತೇನೆ ಅಂತ, ಅವರ ಸ್ವಂತ ಹೆಸರಿನಲ್ಲಿ, ಸ್ವಂತ ಸಹಿ. ಕಂಪನಿಯ ಸೀಲು ಹೊಡೆದ ಸಹಿ ಬೇಡ. ಬ್ಯಾಂಕಿನವರು ಕೇಳದೆ ಬಿಡುವುದಿಲ್ಲ, ನೀವು ಯಾಕೆ ಸಂಕೋಚ ಪಡಬೇಕು? ಬರೆದುಕೊಡುವುದಿಲ್ಲ ಅಂದರೆ ಅರ್ಧ ದುಡ್ಡು ಮೊದಲೇ ಕೇಳಿ. ಅದೂ ಇಲ್ಲ ಅಂದರೆ ಮರ ಕೊಯ್ಯಬೇಡಿ. ನಮಸ್ಕಾರ.